ಮರ್ಯಾದೆಯ ಪತ್ರ

ಬಾಂಡಿಯಾಗರಾ
10 ಮಾರ್ಚ್ 1998

ಮೀನು ನಾತದ ಬ್ರೇಹಿಮಾ,

ಇದು ಮೂರನೆಯ ಪತ್ರ. ಮೊದಲಿನೆರಡನ್ನು ಓದಿದೆಯೋ, ಮೀನು ಸುತ್ತಿ ಮಾರಿದೆಯೋ, ದೇವರಿಗೇ ಗೊತ್ತು. ಮೀನು ಹಿಡಿಯುವ ಬೋಜೊಗಳ ಕೈಗೆ ಕಾಗದ ಕೊಟ್ಟರೆ ಮತ್ತೇನಾಗುತ್ತದೆ! ಮೋಪ್ತಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮೇಷ್ಟ್ರಾಗಿದ್ದೆ, ನಿನ್ನಷ್ಟು ದಡ್ಡ ಶಿಷ್ಯ ಇನ್ನೊಬ್ಬ ಸಿಗಲಿಲ್ಲ. ದೋಣಿಯ ಹಲಗೆಯ ಮೇಲೆ ಇದ್ದಿಲಿನಲ್ಲಿ ನಿನಗೆ ಹೆಸರು ಬರೆಯಲು ಕಲಿಸುವಷ್ಟರಲ್ಲಿ ಒಂದು ಮಳೆಗಾಲವೇ ಮುಗಿದಿತ್ತು. ಆ ಹಲಗೆಯನ್ನೂ ನೀನು ದೋಣಿಗೇ ಜಡಿದುಬಿಟ್ಟೆ. ಈಗಲೂ ಯಾವನೋ ಬಡಪಾಯಿ ನಿನ್ನ ಸೊಟ್ಟ ಅಕ್ಷರದ ಮೇಲೆ ಕೂತು ಹೊಳೆ ದಾಟುತ್ತಿರಬೇಕು.

ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯ ಮೊದಲ ಗುರುವಾರ, ನಿನ್ನ ತಮ್ಮನ ಮಗ ಗೌಸು ಹೊಸ ದೋಣಿಯನ್ನು ನೀರಿಗಿಳಿಸಿದ ದಿನ, ನಾನು ಎಂದಿನಂತೆ ನಮ್ಮೂರ ಈರುಳ್ಳಿ ಲಾರಿಯಿಂದಿಳಿದು ಹೊಳೆದಡದ ಬಂದರಿಗೆ ಬಂದೆ. ಎಂದಿನಂತೆ ನಿನ್ನನ್ನು ಬಯ್ದೆ. ಇಡೀ ಸಂತೆ ಕೇಳುವ ಹಾಗೆ ಕೂಗಿದೆ: "ಏ, ನೋಡ್ರಪ್ಪಾ! ಈ ಬೋಜೊ ಯಾಕೆ ಇವತ್ತು ಬಾಯೇ ಬಿಡ್ತಿಲ್ಲ? ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕೊಂಡಿದೆ! ಯಾರಾದ್ರೂ ಬೆನ್ನಿಗೆ ಒಂದು ಗುದ್ದ್ರೋ, ಮಾತು ಉದುರ್ಲಿ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಲ್ಲರೂ ನಿನ್ನ ಕಡೆ ತಿರುಗಿದರು, ನಿನ್ನ ಸರದಿ. ನೀನು ಬಾಯಿ ತೆರೆದೆ. ತೆರೆದ ಬಾಯಿ ತೆರೆದೇ ಇತ್ತು. ಆಮೇಲೆ ಬಾಚಿಯನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿದೆ.

ಮೂವತ್ತೊಂದು ವರ್ಷಗಳಲ್ಲಿ ನೀನು ಉತ್ತರ ಕೊಡದೆ ಹೋದದ್ದು ಅದೇ ಮೊದಲು. ಸಿಟ್ಟಾಗಿದ್ದೀಯಾ? ಹಾಗೆ ಸಿಟ್ಟಾಗುವ ಹಕ್ಕು ನಿನಗೆ ಯಾರು ಕೊಟ್ಟರು? ಬಂಡೆಯ ಮೇಲಿನ ದೊಗೋನರಾದ ನಮಗೂ ಹೊಳೆಯ ಬೋಜೊಗಳಾದ ನಿಮಗೂ ಇರುವುದು ಅಜ್ಜ-ಮುತ್ತಜ್ಜರ ಕಾಲದ ಬೈಗುಳದ ನಂಟು. ನಾವು ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಡುವುದಿಲ್ಲ, ಒಬ್ಬರ ರಕ್ತ ಒಬ್ಬರು ಹರಿಸುವುದಿಲ್ಲ, ಒಬ್ಬರ ಬೈಗುಳಕ್ಕೆ ಒಬ್ಬರು ಮುನಿಯುವುದಿಲ್ಲ. ನಿನ್ನ ಅಜ್ಜ ನನ್ನ ಅಜ್ಜನನ್ನು ಬಂಡೆಗೆ ಅಂಟಿದ ಹಲ್ಲಿ ಎಂದು ಕರೆದಾಗ ಅವನು ಏನು ಮಾಡಿದ? ನಿನ್ನ ಅಜ್ಜನ ಬುಟ್ಟಿಯಲ್ಲಿದ್ದ ದೊಡ್ಡ ಮೀನನ್ನು ಎತ್ತಿಕೊಂಡು ಹೋದ. ಅಷ್ಟೇ.

ಈ ಪತ್ರದ ಜೊತೆ ಒಣಗಿಸಿದ ಈರುಳ್ಳಿಯ ಉಂಡೆಗಳನ್ನು ಕಳಿಸಿದ್ದೇನೆ. ನಿನ್ನ ಸಾರಿಗೆ ಹಾಕಿಸು, ಒಂದು ದಿನವಾದರೂ ಮನುಷ್ಯರ ಊಟ ಮಾಡು. ಸಫಿಯಾತುವಿಗೆ ಅಪ್ಪನ ಮೂತಿ ಹೇಗಿದೆಯೆಂದು ಬರೆಯಲು ಹೇಳು.

ನಿನ್ನ ಒಡೆಯ,
ಅತಿಮೆ ಗಿಂದೊ

*

ಮೋಪ್ತಿ
29 ಮಾರ್ಚ್ 1998

ಪೂಜ್ಯ ಮೇಷ್ಟ್ರಿಗೆ ಸಫಿಯಾತು ಮಾಡುವ ಸಲಾಮುಗಳು.

ಮನೆಯಲ್ಲಿ ಎಲ್ಲರೂ ಕ್ಷೇಮವೇ, ನಿಮ್ಮ ಮಂಡಿ ನೋವು ಹೇಗಿದೆ ಎಂದೆಲ್ಲ ಕೇಳಿ ಆಮೇಲೆ ಇದನ್ನು ಬರೆಯಬೇಕೆಂದಿದ್ದೆ. ಆದರೆ ತಡ ಮಾಡಿದರೆ ಬರೆಯುವ ಧೈರ್ಯವೇ ಹೋಗುತ್ತದೆ. ಅಪ್ಪನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಅಪ್ಪನಿಂದ ಮಾತು ಹೋಗುತ್ತಿದೆ.

ಇದು ಶುರುವಾಗಿ ಎರಡು ವರ್ಷವಾಯಿತು. ಮೊದಲು ಸಾಮಾನುಗಳ ಹೆಸರು ಹೋದವು. ಬಾಚಿ ಬೇಕಾದರೆ "ಅದು ಕೊಡೋ... ಅದು... ಕೆತ್ತೋದು" ಎನ್ನುತ್ತಿದ್ದರು. ಮೊಳೆ ಎನ್ನಲು ಹೋಗಿ ಬೆಣ್ಣೆ ಎಂದು, ಹುಡುಗರು ಶಿಯಾ ಮರದ ಬೀಜದ ಬೆಣ್ಣೆಯ ಡಬ್ಬ ತಂದರೆ ರೇಗುತ್ತಿದ್ದರು. ಆಮೇಲಾಮೇಲೆ ಒಂದೊಂದು ವಾಕ್ಯದ ನಡುವೆ ನಾನು ಪಾತ್ರೆ ತೊಳೆದು ಮುಗಿಸುವಷ್ಟು ಹೊತ್ತು ನಿಲ್ಲತೊಡಗಿದರು. ನಾನು ಹೆರಿಗೆ ಆಸ್ಪತ್ರೆಯ ದಾದಿ, ಮೇಷ್ಟ್ರೇ. ಲಕ್ವ ಹೊಡೆದವರನ್ನು ನೋಡಿದ್ದೇನೆ. ಇದು ಅದಲ್ಲ. ಕೈಕಾಲು ಗಟ್ಟಿ ಇವೆ. ಯಾವ ಹಲಗೆ ಎಲ್ಲಿ ಬಾಗಬೇಕೆಂದು ಈಗಲೂ ಕಣ್ಣಳತೆಯಲ್ಲೇ ಹೇಳಬಲ್ಲರು. ಹೇಳಬಲ್ಲರು ಎಂದು ಬರೆದೆ ನೋಡಿ. ತೋರಿಸಬಲ್ಲರು.

ನೆರೆಯವರು ಹೊಳೆಯ ಭೂತ ನಾಲಿಗೆ ಕಿತ್ತುಕೊಂಡಿದೆ ಎಂದರು. ಮೌಲವಿಗಳು ಹಲಗೆಯ ಮೇಲೆ ಬರೆದ ಕುರಾನಿನ ಸಾಲುಗಳನ್ನು ತೊಳೆದು ಆ ನೀರು ಕುಡಿಸಿದರು. ನಾನು ರಾಜಧಾನಿ ಬಮಾಕೋಗೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯರು ಅಪ್ಪನ ಮುಂದೆ ಒಂದು ಬೀಗದ ಕೈ, ಒಂದು ಬಾಚಣಿಗೆ, ಒಂದು ಲೋಟ ಇಟ್ಟು ಹೆಸರು ಕೇಳಿದರು. ಅಪ್ಪ ಬೀಗದ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದರು, ಲೋಟವನ್ನು ಬಾಯಿಗೆತ್ತಿ ತೋರಿಸಿದರು. ಹೆಸರು ಬರಲಿಲ್ಲ. ಇದು ಮರೆವಿನ ರೋಗದ ಒಂದು ಬಗೆಯಂತೆ. ಮೆದುಳಿನಲ್ಲಿ ಮಾತು ಕೂಡುವ ಜಾಗ ಮೊದಲು ಸವೆಯುತ್ತದಂತೆ, ನೆನಪು ಆಮೇಲೆ. ಔಷಧಿ ಇಲ್ಲ ಎಂದರು.

ನಿಮಗೆ ತಿಳಿಯದಿದ್ದುದಕ್ಕೆ ಕಾರಣವಿದೆ. ನಿಮ್ಮ ಜೊತೆ ಆಡುವಾಗ ಮಾತ್ರ ಅಪ್ಪನಿಗೆ ಮಾತು ತಡೆಯಿಲ್ಲದೆ ಬರುತ್ತಿತ್ತು. ಪ್ರತಿ ಬುಧವಾರ ಸಂಜೆ ಅಂಗಳದಲ್ಲಿ ಒಬ್ಬರೇ ಕುಳಿತು ತುಟಿ ಅಲುಗಿಸುತ್ತಿದ್ದರು. ನಾನು ಪ್ರಾರ್ಥನೆ ಅಂದುಕೊಂಡಿದ್ದೆ. ಒಮ್ಮೆ ಹತ್ತಿರ ಹೋದಾಗ ಕೇಳಿಸಿತು, ಮರುದಿನ ನಿಮ್ಮನ್ನು ಬಯ್ಯುವ ಮಾತುಗಳನ್ನು ಉರು ಹೊಡೆಯುತ್ತಿದ್ದರು. ಆ ಗುರುವಾರ ಅವೂ ಕೈಕೊಟ್ಟವು.

ಇದನ್ನು ನಿಮಗೆ ತಿಳಿಸಬಾರದೆಂದು ಅಪ್ಪ ನನ್ನ ಬಾಯಿಗೆ ಅಂಗೈ ಇಟ್ಟು ಹೇಳಿದ್ದಾರೆ. ನಿಮ್ಮಿಂದ ಮುಚ್ಚಿಡಲು ನನಗೆ ಆಗಲಿಲ್ಲ. ಕ್ಷಮಿಸಿ. ಈರುಳ್ಳಿ ಉಂಡೆ ತಲುಪಿದವು.

ನಿಮ್ಮ ವಿಧೇಯ ಶಿಷ್ಯೆ,
ಸಫಿಯಾತು ಕರಬೆಂತಾ

*

ಬಾಂಡಿಯಾಗರಾ
20 ಏಪ್ರಿಲ್ 1998

ಗೌರವಾನ್ವಿತ ಬ್ರೇಹಿಮಾ ಕರಬೆಂತಾ ಅವರಿಗೆ ಅತಿಮೆ ಗಿಂದೊ ಮಾಡುವ ವಿನಮ್ರ ವಂದನೆಗಳು.

ತಮ್ಮ ಆರೋಗ್ಯ ಸರಿಯಿಲ್ಲವೆಂದು ತಿಳಿದು ಬಹಳ ನೋವಾಯಿತು. ಬಂದರಿನಲ್ಲಿ ಜನರೆದುರು ನಾನು ಆಡಿದ ಮಾತುಗಳಿಂದ ತಮ್ಮ ಮನಸ್ಸಿಗೆ ಘಾಸಿಯಾಗಿದ್ದರೆ ದಯವಿಟ್ಟು ಮನ್ನಿಸಬೇಕು. ತಮ್ಮಂಥ ನುರಿತ ಕೈಯ ದೋಣಿ ಕಟ್ಟುವವರು ಮೋಪ್ತಿಯಲ್ಲಿ ಇನ್ನೊಬ್ಬರಿಲ್ಲ. ದೇವರು ತಮಗೆ ಆಯುಸ್ಸು, ಆರೋಗ್ಯ, ನೆಮ್ಮದಿ ಕೊಡಲಿ ಎಂದು ಪ್ರತಿದಿನ ಬೇಡುತ್ತೇನೆ. ತಮಗೆ ಆಯಾಸವಾಗಬಾರದೆಂದು ಸದ್ಯಕ್ಕೆ ಗುರುವಾರದ ಸಂತೆಗೆ ಬರುವುದನ್ನು ನಿಲ್ಲಿಸಿದ್ದೇನೆ.

ಲಾರಿಯವನ ಕೈಯಲ್ಲಿ ಒಂದು ಶೀಶೆ ಜೇನು ಕಳಿಸಿದ್ದೇನೆ. ಸ್ವೀಕರಿಸಬೇಕು.

ತಮ್ಮ ಹಿತೈಷಿ,
ಅತಿಮೆ ಗಿಂದೊ

*

ಮೋಪ್ತಿ
11 ಮೇ 1998

ಪೂಜ್ಯ ಮೇಷ್ಟ್ರೇ,

ನಿಮ್ಮ ಪತ್ರ ತಲುಪಿತು. ಜೇನೂ ತಲುಪಿತು.

ಆ ಸಂಜೆ ಅಪ್ಪ ಅಂಗಳದಲ್ಲಿ ಮೂರನೆಯ ಸುತ್ತಿನ ಚಹಾ ಕುಡಿಯುತ್ತಿದ್ದರು. ಮೇಷ್ಟ್ರ ಪತ್ರ ಎಂದೊಡನೆ ಲೋಟ ಕೆಳಗಿಟ್ಟು, ನಗು ತಡೆದುಕೊಂಡು, ಕುಸ್ತಿಗೆ ಇಳಿಯುವವರಂತೆ ಕಾಲು ಮಡಚಿ ಕೂತರು. ನಾನು ಓದಲು ಶುರುಮಾಡಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಕೈ ಚಾಚಿ ಕಾಗದ ಕಿತ್ತುಕೊಂಡರು. ತಿರುಗಿಸಿ ನೋಡಿದರು. ನಿಮ್ಮದೇ ಅಕ್ಷರವೇ ಎಂದು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಬಹಳ ಹೊತ್ತು ಕಷ್ಟಪಟ್ಟು ಎರಡು ಮಾತು ಆಡಿದರು:

"ಯಾರು... ಸತ್ತ್ರು?"

ನಾನು "ಯಾರೂ ಸತ್ತಿಲ್ಲ ಅಪ್ಪಾ" ಎಂದೆ. ಅವರು ತಮ್ಮ ಎದೆಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದರು.

ಅವತ್ತಿನಿಂದ ಅಪ್ಪ ದೋಣಿ ಕಟ್ಟುವ ಕಟ್ಟೆಗೆ ಹೋಗಿಲ್ಲ. ಹನ್ನೆರಡು ದಿನವಾಯಿತು. ನಿಮ್ಮೊಬ್ಬರದೇ ತಪ್ಪಲ್ಲ ಎಂದು ನನಗೆ ಗೊತ್ತು. ಸುದ್ದಿ ಹರಡಿದ ಮೇಲೆ ಎಲ್ಲರೂ ಅಪ್ಪನಿಗೆ ಮರ್ಯಾದೆ ಕೊಡಲು ಶುರುಮಾಡಿದ್ದಾರೆ. ಹಿಂದೆಲ್ಲ ಗೌಸು ಅಪ್ಪನ ಜೊತೆ ಪ್ರತಿ ಹಲಗೆಗೂ ಜಗಳವಾಡುತ್ತಿದ್ದ. ಈಗ "ದೊಡ್ಡಪ್ಪಾ, ನೀವು ನೆರಳಲ್ಲಿ ಕೂತ್ಕೊಳಿ" ಎಂದು ಚಾಪೆ ಹಾಸುತ್ತಾನೆ, ಅವರ ಬಾಚಿಯನ್ನು ಬೇರೆಯವರ ಕೈಗೆ ಕೊಡುತ್ತಾನೆ. ನೆಂಟರು ಬಂದರೆ ಅಪ್ಪನ ತಲೆಯ ಮೇಲಿಂದ ನನ್ನನ್ನು ಕೇಳುತ್ತಾರೆ: "ಹಿರಿಯರು ಊಟ ಮಾಡಿದ್ರಾ? ನಿದ್ದೆ ಬರುತ್ತಾ?" ಅಪ್ಪ ಅಲ್ಲೇ ಕೂತಿರುತ್ತಾರೆ, ಎಲ್ಲವೂ ಅರ್ಥವಾಗುತ್ತಿರುತ್ತದೆ. ಇಷ್ಟು ದಿನ ಇದನ್ನೆಲ್ಲ ಸಹಿಸಿದ್ದರು. ಮೇಷ್ಟ್ರೊಬ್ಬರು ಇದ್ದಾರೆ ಎಂದು ಸಹಿಸಿದ್ದರೋ ಏನೋ. ಈಗ ನೀವೂ ಗೌರವಾನ್ವಿತ ಎಂದು ಬರೆದಿರಿ.

ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೆ ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಟ್ಟು ಬರೆಯಲು ಬರುವುದಿಲ್ಲ.

ಸಫಿಯಾತು

*

ಬಾಂಡಿಯಾಗರಾ
2 ಜೂನ್ 1998

ಮಗಳೇ ಸಫಿಯಾತು,

ನಿನ್ನ ಸಿಟ್ಟು ಸರಿಯಾದದ್ದೇ. ಪತ್ರ ಓದಿ ನನ್ನ ಹೆಂಡತಿ ಯಾತಿಮೆಗೆ ಹೇಳಿದೆ. ಅವಳು ಸಜ್ಜೆ ಕುಟ್ಟುವುದನ್ನು ನಿಲ್ಲಿಸಿ, "ಬೋಜೊಗೆ ನಮಸ್ಕಾರ ಬರ್ದ್ಯಾ? ಜೀವಂತ ಇರೋ ಬೋಜೊಗೆ?" ಎಂದಳು. ಆಮೇಲೆ ಒನಕೆ ಎತ್ತಿಕೊಂಡು ಮೊದಲಿಗಿಂತ ಜೋರಾಗಿ ಕುಟ್ಟತೊಡಗಿದಳು.

ಒಂದು ವಿಷಯ ನಿನಗೆ ಹೇಳಬೇಕು. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಅವತ್ತು ಬಂದರಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ ಎಂದು ನೀನು ತಿಳಿದಿದ್ದೀಯ. ಗೊತ್ತಿತ್ತು. ರೋಗದ ಹೆಸರು ಗೊತ್ತಿರಲಿಲ್ಲ, ಆದರೆ ಏನೋ ಆಗಿದೆಯೆಂದು ಹಿಂದಿನ ಮಳೆಗಾಲದಲ್ಲೇ ತಿಳಿದಿತ್ತು. ನಿನ್ನ ಅಪ್ಪ ಒಂದು ಬೈಗುಳವನ್ನು ಎರಡು ಸಲ ಆಡಿದವನಲ್ಲ. ಅಂಥವನು ವಾರ ವಾರವೂ ಅವೇ ನಾಲ್ಕನ್ನು ಆಡತೊಡಗಿದ್ದ. ಈರುಳ್ಳಿ ಬುಡ್ಡೆ, ಬಂಡೆಯ ಹಲ್ಲಿ, ಸ್ನಾನ ಕಾಣದವನೇ, ನೀರು ಕಂಡರೆ ನಡುಗುವವನೇ. ನಾಲ್ಕು ಮುಗಿದರೆ ಮತ್ತೆ ಮೊದಲಿನದು. ಮೇಷ್ಟ್ರಾಗಿದ್ದವನು ನಾನು. ಪಾಠ ಅರ್ಥವಾಗದೆ ಉರು ಹೊಡೆದು ಒಪ್ಪಿಸುವ ಹುಡುಗನನ್ನು ಗುರುತಿಸಲಾರೆನೇ?

ಗೊತ್ತಿದ್ದೂ ಅವತ್ತು ಅವನ ಬಾಯಿಯನ್ನೇ ಎತ್ತಿ ಆಡಿದೆ, ಜನರ ಮುಂದೆ. ಯಾಕೆ ಗೊತ್ತೇ? ಮೂವತ್ತೊಂದು ವರ್ಷಗಳಲ್ಲಿ ಒಂದು ಸಲವೂ ನಾನು ಅವನ ಎದುರು ಗೆದ್ದಿರಲಿಲ್ಲ. ಒಮ್ಮೆಯಾದರೂ ಕೊನೆಯ ಮಾತು ನನ್ನದಾಗಲಿ ಎನ್ನುವ ಆಸೆ. ಆಯಿತು. ಕೊನೆಯ ಮಾತು ನನ್ನದೇ ಆಯಿತು.

ಹಿಂದಿನಂತೆ ಬಯ್ದು ಬರೆಯೋಣವೆಂದು ಐದು ಹಾಳೆ ಹರಿದೆ. ಆಗುತ್ತಿಲ್ಲ. ತಿರುಗಿ ಬಯ್ಯಲಾಗದವನನ್ನು ಬಯ್ಯುವುದೆಂದರೆ ಕಟ್ಟಿಹಾಕಿದವನನ್ನು ಹೊಡೆದ ಹಾಗೆ. ಇದು ಇಬ್ಬರು ಹಿಡಿದು ಎಳೆಯುವ ಹಗ್ಗ. ಒಂದು ತುದಿ ಅವನು ಬಿಟ್ಟಿದ್ದಾನೆ. ಏನು ಮಾಡಲಿ, ನೀನೇ ಹೇಳು.

ಅತಿಮೆ

*

ಮೋಪ್ತಿ
14 ಸೆಪ್ಟೆಂಬರ್ 1998

ಪೂಜ್ಯ ಮೇಷ್ಟ್ರೇ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ನೀವು ಬರೆದದ್ದನ್ನು ಓದಿ ನಿಮ್ಮ ಮುಖ ನೆನೆಯಲು ಮನಸ್ಸಾಗಲಿಲ್ಲ. ಇವತ್ತು ಬರೆಯುತ್ತಿರುವುದು ಹೋದ ಗುರುವಾರ ನಡೆದದ್ದನ್ನು ಹೇಳಲು.

ಮನೆಯಲ್ಲೇ ಕೂತರೆ ಕಾಲೂ ಹೋಗುತ್ತವೆಂದು ಅಪ್ಪನನ್ನು ಬಲವಂತದಿಂದ ಸಂತೆಗೆ ಕರೆದುಕೊಂಡು ಹೋದೆ. ನಿಮ್ಮೂರಿನ ಕಡೆಯವಳೇ ಒಬ್ಬಳು, ಯಾಬಿನೆ ಎಂದು ಹೆಸರಂತೆ, ದಡದಲ್ಲಿ ಈರುಳ್ಳಿ ಹರಡಿಕೊಂಡು ಕೂತಿದ್ದಳು. ಹೊಸಬಳು. ಅಪ್ಪನ ವಿಷಯ ತಿಳಿಯದು. ಅಪ್ಪನ ಕೈಯಲ್ಲಿದ್ದ ಮೀನಿನ ಚೀಲ ನೋಡಿ ಶುರುಮಾಡಿಕೊಂಡಳು:

"ಏ ಮುದುಕಾ, ಆ ಕಡೆ ಸರಿ! ನಿನ್ನ ನಾತಕ್ಕೆ ನನ್ನ ಈರುಳ್ಳಿ ಅಳ್ತಾ ಇದೆ! ಏನು ಗುರಾಯಿಸ್ತೀಯಾ? ಬೋಜೊಗಳಿಗೆ ನಾಲಿಗೆ ಇಲ್ವಾ, ಅದನ್ನೂ ಗಾಳಕ್ಕೆ ಸಿಕ್ಕಿಸಿಬಿಟ್ರಾ?"

ಅವಳ ಬಾಯಿ ಮುಚ್ಚಿಸಲು ಮುಂದೆ ಹೋದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿದರು. ಬಗ್ಗಿ ಅವಳ ರಾಶಿಯಿಂದ ಎಲ್ಲಕ್ಕಿಂತ ದಪ್ಪದ ಈರುಳ್ಳಿ ಆರಿಸಿದರು. ನಿಧಾನವಾಗಿ ಮೂಗಿನ ಹತ್ತಿರ ತಂದರು. ಎರಡು ಬೆರಳಿನಿಂದ ಮೂಗು ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಸತ್ತೇಹೋದೆ ಎಂಬಂತೆ ತೂರಾಡಿದರು. ಆಮೇಲೆ ಈರುಳ್ಳಿಯನ್ನು ಸತ್ತ ಇಲಿಯಂತೆ ತುದಿಯಲ್ಲಿ ಹಿಡಿದು ಹೊಳೆಗೆ ಹಾಕಿದರು. ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. ಯಾಬಿನೆ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಳು. ಅಪ್ಪ ಓಡಿದರು, ಮೇಷ್ಟ್ರೇ! ಅರವತ್ತೆಂಟು ವರ್ಷದ ಅಪ್ಪ ಓಡಿದರು, ನಗುತ್ತಾ ಓಡಿದರು.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ದೋಣಿ ಕಟ್ಟೆಗೆ ಹೋಗಿದ್ದರು. ಅಲ್ಲಿ ಕೆಲಸದವನ ಕೈಯಿಂದ ತಮ್ಮ ಬಾಚಿ ಕಿತ್ತುಕೊಂಡರಂತೆ. ಗೌಸು ತಡೆಯಲಿಲ್ಲ. ಈಗ ಒಬ್ಬರೇ ಒಂದು ಚಿಕ್ಕ ದೋಣಿ ಕಟ್ಟುತ್ತಿದ್ದಾರೆ. ಇದು ಕೊನೆಯದು ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಅಪ್ಪನನ್ನು ಕಟ್ಟಿಹಾಕಿದವನು ಎಂದಿರಿ. ಕಟ್ಟಿದೆಯೋ ಇಲ್ಲವೋ ಎಂದು ಬಂದು ನೋಡಲಿಲ್ಲ. ಅಕ್ಟೋಬರ್ ಕೊನೆಯ ಗುರುವಾರ ದೋಣಿಯನ್ನು ನೀರಿಗಿಳಿಸುತ್ತಾರೆ. ಬರುವುದಾದರೆ ಬಯ್ಯಲು ಬನ್ನಿ. ನೋಡಿ ಮರುಗಲು ನಮ್ಮಲ್ಲೇ ಬೇಕಾದಷ್ಟು ಜನರಿದ್ದಾರೆ.

ಸಫಿಯಾತು

*

ಬಾಂಡಿಯಾಗರಾ
1 ನವೆಂಬರ್ 1998

ಎಲೋ ಕೊಳೆತ ಮೀನೇ, ಬ್ರೇಹಿಮಾ,

ಗೆದ್ದೆ ಎಂದು ಬೀಗಬೇಡ. ಇನ್ನೂ ನನ್ನ ಬಟ್ಟೆ ಒಣಗಿಲ್ಲ.

ಮೂವತ್ತೊಂದು ವರ್ಷ ನಾನು ನಿನ್ನ ದೋಣಿಗೆ ಕಾಲಿಟ್ಟವನಲ್ಲ. ದೊಗೋನ್ ಜನ ಬಂಡೆಯ ಮೇಲೆ ಹುಟ್ಟಿದವರು. ನೀರನ್ನು ಬಿಂದಿಗೆಯಲ್ಲಿ ಕಂಡರೆ ಸಾಕು ನಮಗೆ. ಮೊನ್ನೆ ದಡದಲ್ಲಿ ನಿಂತು ನಾನು ಮರ್ಯಾದಸ್ಥರಂತೆ ನಿನ್ನ ದೋಣಿಯನ್ನು ಹೀಯಾಳಿಸುತ್ತಿದ್ದೆ. "ಇದೇನು ದೋಣಿನಾ, ಕೋಳಿಗೆ ನೀರಿಡೋ ಮರಿಗೇನಾ? ಹಲಗೆ ಸಂದಿಗೆಲ್ಲ ಬೂರುಗದ ಹತ್ತಿ ತುರುಕಿ ತುರುಕಿ ಹಾಸಿಗೆ ಮಾಡಿದ್ದೀಯಲ್ಲೋ! ಇದರಲ್ಲಿ ಕೂತ್ರೆ ಕಪ್ಪೆನೂ ಮುಳುಗುತ್ತೆ!" ಎಂದದ್ದು ನಿಜ. ಅದಕ್ಕೆ ನನ್ನ ಸೊಂಟ ಹಿಡಿದು ಎತ್ತಿ ಒಳಗೆ ಹಾಕಿಕೊಳ್ಳುವುದೇ? ಗೌಸುವೂ ಅವನ ಹುಡುಗರೂ ಸೇರಿ ದೋಣಿಯನ್ನು ದಬ್ಬುವುದೇ? ಯಾಬಿನೆ, ನನ್ನ ಕುಲದ ಹೆಣ್ಣು, "ಬೈ ಬೈ ಮೇಷ್ಟ್ರೇ" ಎಂದು ಕೈ ಬೀಸುವುದೇ?

ಹೊಳೆಯ ನಡುವಿಗೆ ಬಂದ ಮೇಲೆ ನೀನು ದೋಣಿ ನೂಕುವ ಗಳವನ್ನು ಒಳಗೆಳೆದು ಅಡ್ಡ ಇಟ್ಟೆ. ಕೈಕಟ್ಟಿ ಕೂತೆ. ನನ್ನನ್ನೇ ನೋಡುತ್ತಾ ಕೂತೆ. ದೋಣಿ ತನ್ನಷ್ಟಕ್ಕೆ ತಿರುಗತೊಡಗಿತು. ನಾನು ಬಯ್ದೆ, ನೀನು ನಕ್ಕೆ. ನಾನು ಬೇಡಿಕೊಂಡೆ, "ದಡಕ್ಕೆ ಬಿಡೋ ಮಾರಾಯಾ, ನಿನ್ನ ದಮ್ಮಯ್ಯ" ಎಂದೆ, ನೀನು ಇನ್ನೂ ನಕ್ಕೆ. ಇದನ್ನೆಲ್ಲ ಇಡೀ ಬಂದರು ನೋಡಿತು. ಇನ್ನು ಮೂರು ತಲೆಮಾರು ನನ್ನ ಮೊಮ್ಮಕ್ಕಳು ಮೋಪ್ತಿಗೆ ತಲೆ ಎತ್ತಿಕೊಂಡು ಬರುವಂತಿಲ್ಲ.

ಉಳಿದದ್ದನ್ನು ದಡದವರು ಕೇಳಲಿಲ್ಲ. ಅಲ್ಲಿ ನಾನು ನಿನಗೆ ಹೇಳಿದೆ, ಆ ಫೆಬ್ರವರಿಯಲ್ಲಿ ನನಗೆ ಗೊತ್ತಿತ್ತು ಎಂದು. ಗೊತ್ತಿದ್ದೇ ಗೆಲ್ಲಲು ಆಡಿದೆ ಎಂದು. ನಿನ್ನ ನಗು ನಿಂತಿತು. ನೀನು ಬಾಯಿ ತೆರೆದೆ. ಏನೋ ಹೇಳಲು ಹೊರಟೆ. ಒಂದು ಸದ್ದು ಬಂತು, ನಿಂತಿತು, ಮತ್ತೆ ಬಂತು. ಕುತ್ತಿಗೆಯ ನರ ಉಬ್ಬಿದವು. ಶಾಲೆಯಲ್ಲಿ ಹುಡುಗರು ತಡವರಿಸಿದರೆ ನಾನು ತಾಳದೆ ಉತ್ತರ ಹೇಳಿಬಿಡುತ್ತಿದ್ದೆ, ಅದು ನನ್ನ ಕೆಟ್ಟ ಚಾಳಿ. ಅವತ್ತು ನಿನ್ನ ಬಾಯಿಗೆ ನಾನು ಮಾತು ಹಾಕಲಿಲ್ಲ. ಕಾದೆ. ದೋಣಿ ಎರಡು ಸುತ್ತು ತಿರುಗಿತು. ಮಾತು ಬರಲಿಲ್ಲ. ನೀನು ಬಗ್ಗಿ ಬೊಗಸೆ ತುಂಬ ನೀರು ಮೊಗೆದು ನನ್ನ ಮುಖಕ್ಕೆ ಎರಚಿದೆ. ಮತ್ತೊಂದು ಬೊಗಸೆ. ಮತ್ತೊಂದು. ಆಮೇಲೆ ಗಳ ಎತ್ತಿಕೊಂಡೆ.

ನೀನು ಹೇಳಹೊರಟದ್ದು ಏನೆಂದು ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ. ಮುಂದಿನ ಗುರುವಾರ ಬರುತ್ತೇನೆ. ದೋಣಿ ಹತ್ತುವುದಿಲ್ಲ.

ನಿನ್ನ ಒಡೆಯ, ಒದ್ದೆಯಾದವನು,
ಅತಿಮೆ ಗಿಂದೊ

*

ಬಾಂಡಿಯಾಗರಾ
19 ಏಪ್ರಿಲ್ 1999

ಮಗಳೇ ಸಫಿಯಾತು,

ಮೂರು ಗುರುವಾರಗಳಿಂದ ನಾನು ಬಂದಿಲ್ಲ. ಮಂಡಿ ನೋವು ಎಂದು ಲಾರಿಯವನ ಕೈಯಲ್ಲಿ ಹೇಳಿಕಳಿಸಿದ್ದೆ. ಸುಳ್ಳು.

ಕೊನೆಯ ಸಲ ಬಂದಾಗ ನೀನೂ ಅಲ್ಲೇ ಇದ್ದೆ. ನಾನು ಎಂದಿನಂತೆ ದೂರದಿಂದಲೇ ಕೂಗುತ್ತಾ ಬಂದೆ. ಅವನು ಬೆಚ್ಚಿಬಿದ್ದ. ನನ್ನನ್ನು ನೋಡಿದ, ಗುರುತು ಹತ್ತಲಿಲ್ಲ. ನಾನು ಇನ್ನೂ ಜೋರಾಗಿ ಕೂಗಿದೆ. ಅವನು ಗದರಿಸಿಕೊಂಡ ಮಗುವಿನಂತೆ ನಿನ್ನ ಸೆರಗು ಹಿಡಿದುಕೊಂಡ. ಸುತ್ತ ಇದ್ದವರು ಒಬ್ಬರೂ ನಗಲಿಲ್ಲ. ಯಾಬಿನೆ ಕೂಡ ಮುಖ ತಿರುಗಿಸಿದಳು. ಏನೂ ಅರಿಯದ ಮುದುಕನೊಬ್ಬನನ್ನು ನಾನು ಹೆದರಿಸುತ್ತಿದ್ದೇನೆ ಅನ್ನಿಸಿತು.

ಇನ್ನು ನಾನು ಬಂದು ಏನು ಫಲ? ಅವನಿಗೆ ಮಾತು ತಿಳಿಯುವುದಿಲ್ಲ, ನಾನು ಯಾರೆಂದೂ ತಿಳಿಯುವುದಿಲ್ಲ. ನೀನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯ, ದೇವರು ನಿನಗೆ ಒಳ್ಳೆಯದು ಮಾಡಲಿ. ದೂರದಿಂದಲೇ ನೆನೆಯುತ್ತಿರುತ್ತೇನೆ.

ಅತಿಮೆ

*

ಮೋಪ್ತಿ
2 ಮೇ 1999

ಈರುಳ್ಳಿ ಬುಡ್ಡೆ ಅತಿಮೆ,

ಪೂಜ್ಯ ಮೇಷ್ಟ್ರೇ ಎಂದು ಮೂರು ಸಲ ಶುರುಮಾಡಿ ಮೂರು ಹಾಳೆ ಹರಿದೆ. ನೀನು ಅದಕ್ಕೆ ಲಾಯಕ್ಕಲ್ಲ. ಚಿಕ್ಕಂದಿನಲ್ಲಿ ಅಪ್ಪ ಎಷ್ಟೋ ಸಲ ಹೇಳುತ್ತಿದ್ದರು, "ಅವನು ಶಾಲೇಲಿ ಮೇಷ್ಟ್ರು, ಬಂದರಲ್ಲಿ ದೊಗೋನ್. ಇಲ್ಲಿ ಕಂಡ್ರೆ ಬೈಯೇ ಹುಡುಗಿ" ಎಂದು. ನನಗೆ ನಾಚಿಕೆಯಾಗುತ್ತಿತ್ತು. ಮೂವತ್ತಾರು ವರ್ಷದವಳಾದೆ, ಒಂದು ದಿನವೂ ನಿನ್ನನ್ನು ಬಯ್ದಿರಲಿಲ್ಲ. ಅಪ್ಪನ ಸರದಿ ಈಗ ನನಗೆ ಬಂದಿದೆ. ಹಗ್ಗದ ಒಂದು ತುದಿ ಅವನು ಬಿಟ್ಟ ಎಂದು ಅಳುತ್ತಿದ್ದೆಯಲ್ಲ, ಆ ತುದಿ ನನ್ನ ಕೈಯಲ್ಲಿದೆ. ಬಂಡೆಯ ಹಲ್ಲೀ, ಎಳೆ ನೋಡೋಣ.

ಹೌದು, ಅಪ್ಪನಿಗೆ ಮಾತು ತಿಳಿಯುವುದಿಲ್ಲ. ನನ್ನ ಹೆಸರೂ ಹೋಗಿದೆ. ನೀರು ಕುಡಿಸಿದರೆ ನೆತ್ತಿಗೇರುತ್ತದೆ. ನಾನು ದಾದಿ, ಮುಂದೇನೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅವತ್ತು ಅವರು ಹೆದರಿದ್ದೂ ನಿಜ. ನೀನು ಸಿಂಹ ಕಂಡವನಂತೆ ಅರಚಿದರೆ ಹೆದರದೆ ಏನು ಮಾಡುತ್ತಾರೆ? ಮೆಲ್ಲಗೆ ಬೈ. ಪಕ್ಕದಲ್ಲಿ ಕೂತು ಬೈ.

ನೀನು ಬಾರದ ಆ ಮೂರು ಗುರುವಾರ ಏನಾಯಿತೆಂದು ಕೇಳು. ಮೊದಲನೆಯ ವಾರ, ಮಧ್ಯಾಹ್ನ ಅಪ್ಪ ತಾವಾಗಿಯೇ ಎದ್ದು ದಡಕ್ಕೆ ನಡೆದರು. ಕೊನೆಯ ದೋಣಿಯನ್ನು ಬೋರಲು ಹಾಕಿದ್ದೇವಲ್ಲ, ಅದರ ಮೇಲೆ ಕೂತರು. ಈರುಳ್ಳಿ ಲಾರಿ ಬಂದು ನಿಂತಿತು. ಅಪ್ಪ ಎರಡು ಬೆರಳಿನಿಂದ ಮೂಗು ಹಿಡಿದುಕೊಂಡರು. ಮೂಟೆಗಳು ಇಳಿದವು, ಜನ ಇಳಿದರು. ಅಪ್ಪ ಮೂಗು ಬಿಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ, ಬಾಯಿಯಿಂದ ಉಸಿರಾಡುತ್ತಾ ಕೂತೇ ಇದ್ದರು. ಲಾರಿ ಖಾಲಿಯಾಗಿ ಹೊರಟ ಮೇಲೂ ಹಿಡಿದುಕೊಂಡೇ ಇದ್ದರು. ಕೊನೆಗೆ ನಾನೇ ಬೆರಳು ಬಿಡಿಸಿದೆ. ಮೂಗು ಕೆಂಪಾಗಿತ್ತು. ಎರಡನೆಯ ವಾರವೂ ಹೀಗೇ. ಮೂರನೆಯ ವಾರ ಯಾಬಿನೆಗೆ ನೋಡಲಾಗದೆ ಅವಳೇ ಬಂದು ಮುಂದೆ ನಿಂತು ನಾಲ್ಕು ಮಾತು ಬಯ್ದಳು. ಅಪ್ಪ ಅವಳನ್ನು ದಾಟಿ ಲಾರಿಯನ್ನೇ ನೋಡುತ್ತಿದ್ದರು.

ಇದನ್ನೆಲ್ಲ ಬಯ್ಯುತ್ತಲೇ ಬರೆಯಬೇಕೆಂದಿದ್ದೆ. ನಡುವೆ ಅಳು ಬಂತು. ಹೊಸಬಳಲ್ಲವೇ, ರೂಢಿಯಾಗುತ್ತದೆ.

ನೀನು ಯಾರೆಂದು ಅವರಿಗೆ ತಿಳಿಯದಿದ್ದರೆ ಬೇಡ. ನಿನಗೆ ತಿಳಿದಿದೆಯಲ್ಲ. ಬರುವ ಗುರುವಾರ ಲಾರಿಯಿಂದ ಇಳಿ, ಸ್ನಾನ ಕಾಣದವನೇ. ಮಂಡಿ ಊರಿಕೊಂಡಾದರೂ ಸರಿ, ತೆವಳಿಕೊಂಡಾದರೂ ಸರಿ. ಬರದೇ ಹೋದರೆ ಮುಂದಿನ ಪತ್ರವನ್ನು ಮರ್ಯಾದೆಯಿಂದ ಬರೆಯುತ್ತೇನೆ, ನೋಡಿಕೊ.

ನಿನ್ನ ಒಡತಿ,
ಬ್ರೇಹಿಮಾ ಕರಬೆಂತನ ಮಗಳು
ಸಫಿಯಾತು